ನನ್ನ ಹೆಸರಿಗೆ ಹಾಜರಿ ಹೇಳುವವಳು

ವಾರಕ್ಕೆ ಎರಡು ಸಲವಾದರೂ ಅವಳು ಕನಸಿಗೆ ಬರುತ್ತಿದ್ದಳು, ಅದೂ ಬೆಳಗಿನ ಜಾವಕ್ಕೆ. ಕನಸು ಪ್ರತಿಸಲವೂ ಒಂದೇ. ಗಚ್ಚಿಬೌಲಿಯ ನನ್ನ ಆಫೀಸಿನ ಟ್ರೇನಿಂಗ್ ಹಾಲಿನಲ್ಲಿ ಮೇಡಂ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ. ನನ್ನ ಹೆಸರು ಕೂಗುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಅವಳು 'ಪ್ರೆಸೆಂಟ್' ಅನ್ನುತ್ತಾಳೆ. ತಿರುಗಿ ನೋಡಿದರೆ ಹಳದಿ ಚೂಡಿದಾರ, ಒದ್ದೆ ಜಡೆ, ಕೊರಳಲ್ಲಿ ನನ್ನ ಐಡಿ ಕಾರ್ಡು. ಸಿಟ್ಟೂ ಇಲ್ಲ, ನಗುವೂ ಇಲ್ಲ. ಜಡೆಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿರುತ್ತದೆ. ನಾನು ಬೆವೆತು ಎದ್ದು ಕೂರುತ್ತಿದ್ದೆ.

ಬೆಳಗಿನ ಜಾವದ ಕನಸು ನಿಜವಾಗುತ್ತದೆಂದು ನಂಬುವ ಮನೆ ನಮ್ಮದು. ಎಂಸಿಎ ಓದಿದವಳು ಇದನ್ನೆಲ್ಲ ನಂಬಬಾರದು ಅನ್ನಬಹುದು. ನಂಬುತ್ತಿದ್ದೆ, ಮತ್ತು ಹೆದರುತ್ತಿದ್ದೆ.

ಅವಳು ಅಮೀರ್‌ಪೇಟ್‌ನ ಜಾವಾ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ರಾಯಚೂರು ಕಡೆಯ ಹುಡುಗಿ. ನನ್ನ ಅಪ್ಪ ರಕ್ಷಣಾ ಕಾರ್ಖಾನೆಯ ನೌಕರ. ಗದಗಿನಿಂದ ಬಂದು ಈ ತೆಲುಗು ನಗರದ ಕ್ವಾರ್ಟರ್ಸಿನಲ್ಲಿ ಬೇರು ಬಿಟ್ಟವರು ನಾವು. ಅವಳು ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಆರು ಜನರ ನಡುವೆ ಇದ್ದಳು. ಆ ಕಿಕ್ಕಿರಿದ ಕ್ಲಾಸಿನಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನನ್ನ ತಲೆಗೆ ಹೋಗದ್ದನ್ನೆಲ್ಲ ಬಂಡಿಯ ಇಡ್ಲಿ ತಿನ್ನುತ್ತ ಅವಳೇ ಬಿಡಿಸಿ ಹೇಳುತ್ತಿದ್ದಳು. ಮಹಾ ಜಾಣೆ. ಆದರೆ ಡಿಗ್ರಿಯಲ್ಲಿ ಐವತ್ತೆಂಟು ಪರ್ಸೆಂಟ್. ಅರವತ್ತಕ್ಕಿಂತ ಕಡಿಮೆಯಿದ್ದವರ ಅರ್ಜಿಯನ್ನು ಆಗ ಕಂಪನಿಗಳು ಮುಟ್ಟಿಯೂ ನೋಡುತ್ತಿರಲಿಲ್ಲ. ನನಗೆ ಎಪ್ಪತ್ತೊಂದಿತ್ತು, ಎಲ್ಲ ಉರು ಹೊಡೆದದ್ದು. ಫೋನ್ ಕಿವಿಗಿಟ್ಟರೆ ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಎರಡು ಕಂಪನಿಗಳ ಫೋನ್ ಇಂಟರ್‌ವ್ಯೂ 'ಹಲೋ, ಹಲೋ' ಅನ್ನುವುದರಲ್ಲೇ ಮುಗಿದಿದ್ದವು.

ಮೂರನೆಯದು ಬಂದ ಮಧ್ಯಾಹ್ನ ನಾನು ಅವಳ ಹಾಸ್ಟೆಲ್ಲಿನಲ್ಲಿದ್ದೆ. ಅವಳು ಆಗಷ್ಟೇ ತಲೆಸ್ನಾನ ಮಾಡಿ ಹಳದಿ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಮೊಬೈಲ್ ನನ್ನ ಕೈಯಲ್ಲಿ ಬಡಿದುಕೊಳ್ಳುತ್ತಿತ್ತು, ನಾನು ಅದನ್ನೇ ನೋಡುತ್ತ ನಿಂತಿದ್ದೆ.

"ಕೊಡಿಲ್ಲೆ. ನಾ ಮಾತಾಡ್ತೀನಿ, ನೀ ಸುಮ್ಕ ಕುಂದ್ರು," ಅಂದಳು.

ಇಪ್ಪತ್ತೈದು ನಿಮಿಷ ನನ್ನ ಹೆಸರಿನಲ್ಲಿ ಅವಳು ಮಾತಾಡಿದಳು. ನಾನು ಮಂಚದ ಮೇಲೆ ಕೂತು ಅವಳ ಜಡೆಯಿಂದ ಬೀಳುವ ಹನಿಗಳನ್ನು ನೋಡುತ್ತಿದ್ದೆ. ಆಮೇಲಿನ ನೇರ ಭೇಟಿಯಲ್ಲಿ ಊರು, ಅಪ್ಪನ ಕೆಲಸ, ಹವ್ಯಾಸ ಕೇಳಿ ಕಳಿಸಿದರು. ಕೆಲಸದ ಆರ್ಡರ್ ಬಂತು. ಅವ್ವ ಕ್ವಾರ್ಟರ್ಸಿಗೆಲ್ಲ ಪೇಢೆ ಹಂಚಿದಳು. ಹಾಸ್ಟೆಲ್ಲಿಗೆ ಹೋಗಿ ಅವಳಿಗೂ ಒಂದು ಡಬ್ಬಿ ಕೊಟ್ಟು ಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಫೋನ್ ನಂಬರ್ ಬದಲಿಸಿದೆ. ಅಮೀರ್‌ಪೇಟ್ ಮೇಲೆ ಹಾಯುವ ಬಸ್ಸನ್ನೂ ಬಿಟ್ಟೆ. ನಾಚಿಕೆಗೇಡಿನ ಕೆಲಸವೆಂದು ಆಗಲೂ ಗೊತ್ತಿತ್ತು.

ಸೇರಿದ ನಾಲ್ಕನೇ ತಿಂಗಳಿಗೆ ನಮ್ಮ ಸಾಲಿನ ಒಬ್ಬನನ್ನು ಎಚ್‌ಆರ್‌ನವರು ಕರೆದರು. ಅವನ ಫೋನ್ ಇಂಟರ್‌ವ್ಯೂ ಬೇರೆ ಯಾರೋ ಕೊಟ್ಟಿದ್ದರಂತೆ. ಊಟದ ಹೊತ್ತಿಗೆ ಅವನ ಕುರ್ಚಿ ಖಾಲಿ. ಅರ್ಧ ಕುಡಿದ ನೀರಿನ ಬಾಟಲಿ ಮೇಜಿನ ಮೇಲೇ ಉಳಿದಿತ್ತು. ಅಪ್ಪನ ನಿವೃತ್ತಿ ಹತ್ತಿರ ಬಂದಿತ್ತು, ಕ್ವಾರ್ಟರ್ಸ್ ಬಿಡಬೇಕಿತ್ತು, ಮನೆಯವರೆಲ್ಲ ನನ್ನ ಕೆಲಸವನ್ನೇ ನೆಚ್ಚಿದ್ದರು. ಕನಸು ಶುರುವಾದದ್ದು ಅಂದಿನಿಂದ.

ಅವ್ವನಿಗೆ ಅರ್ಧ ಮಾತ್ರ ಹೇಳಿದೆ, ಹಳೆಯ ಗೆಳತಿಯೊಬ್ಬಳು ಕನಸಿಗೆ ಬರುತ್ತಾಳೆ ಅಂತ.

"ಒಬ್ಬರೇ ಭಾಳ ಸಲ ಕನಸಿನ್ಯಾಗ ಬಂದ್ರ ಅವರದೇನೋ ನಮ್ಮ ಕಡೆ ಉಳದೈತಿ ಅಂತ ತಿಳ್ಕೊ. ಮನಿಗೆ ಕರದು ಹೊಟ್ಟಿ ತುಂಬ ಉಣಸು," ಅಂದಳು ಅವ್ವ ರೊಟ್ಟಿ ಬಡಿಯುತ್ತ.

ಪಕ್ಕದ ಸೀಟಿನ ಮೈಸೂರಿನವಳು ಇಂಟರ್ನೆಟ್ಟಿನಲ್ಲಿ ಹುಡುಕಿ, "ಪದೇ ಪದೇ ಬರೋ ವ್ಯಕ್ತಿ ಅಂದ್ರೆ ನಾವೇ ಅಂತೆ ಕಣೇ," ಅಂದಳು. ಇಬ್ಬರ ಮಾತೂ ನನಗೆ ಹಿಡಿಸಲಿಲ್ಲ. ಆ ಗೆಳತಿ ನನ್ನನ್ನು ಹಿಡಿದುಕೊಡಲು ಬರುತ್ತಾಳೆ, ಕನಸಿನ ಅರ್ಥ ಅಷ್ಟೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಒಂದು ದಿನ ಗೇಟಿನಿಂದ ಫೋನ್ ಬಂತು, ನನ್ನನ್ನು ಕಾಣಲು ಯಾರೋ ಬಂದಿದ್ದಾರೆ ಅಂತ. ಹೆಸರು ಕೇಳಿದರೆ ಅವಳದೇ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಕೂತೆ. ಹೋಗದಿದ್ದರೆ ಅವಳೇ ಮೇಲೆ ಬಂದಾಳು ಎಂಬ ಭಯಕ್ಕೆ ಎದ್ದು ಹೋದೆ.

ಬಿಸಿಲಿಗೆ ಫೈಲನ್ನು ಅಡ್ಡ ಹಿಡಿದು ನಿಂತಿದ್ದಳು. ಸೊರಗಿದ್ದಳು. ಕೋಠಿ ಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳಂತೆ.

"ಒಳಗಿನವರು ಶಿಫಾರಸು ಮಾಡಿದ್ರ ಪರ್ಸೆಂಟ್ ನೋಡಂಗಿಲ್ಲಂತ. ನನ್ನ ಬಯೋಡೇಟಾ ಕೊಡ್ತಿ ಏನ್?"

"ಸದ್ಯಕ್ಕ ಯಾರನ್ನೂ ತಗೊಳ್ಳಾಕತ್ತಿಲ್ಲ," ಅಂದೆ. ಶುದ್ಧ ಸುಳ್ಳು. ಆ ವಾರವೇ ಹೊಸಬರ ದೊಡ್ಡ ಗುಂಪು ಸೇರಿತ್ತು.

"ಇರ್ಲಿ ಬಿಡು. ತಗೊಂಡಾಗ ಕೊಡು," ಎಂದು ಎರಡು ಹಾಳೆ ನನ್ನ ಕೈಗಿಟ್ಟಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ಈಗ ಫೋನಿನ್ಯಾಗ ಮಾತಾಡ್ತಿ ಹೌದಿಲ್ಲ? ಅಂಜಿಕಿ ಹೋತೇನ?"

ಹೋಯಿತು ಅಂದೆ. ಅವಳು ನಕ್ಕು ಆಟೋ ನಿಲ್ಲುವ ಕಡೆ ನಡೆದಳು. ಬೆದರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಯೋಡೇಟಾವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅಂದು ಫೋನಿನಲ್ಲಿ ಪ್ರಶ್ನೆ ಕೇಳಿದ್ದ ಮ್ಯಾನೇಜರ್ ನಮ್ಮ ಮಹಡಿಯಲ್ಲೇ ಕೂರುತ್ತಿದ್ದರು. ಅವಳು ಬಂದು ಎರಡು ಮಾತಾಡಿದರೆ ಆ ದನಿ ಅವರಿಗೆ ಗುರುತು ಸಿಗದೇ ಇರುತ್ತದೆಯೇ? ಆಮೇಲೆ ಎಷ್ಟೋ ಸಲ ಹೊಸಬರನ್ನು ತೆಗೆದುಕೊಂಡರು. ಪ್ರತಿಸಲ ಬೀಗ ತೆಗೆದು ಹಾಳೆ ನೋಡಿ ಮತ್ತೆ ಮುಚ್ಚಿದೆ.

ಗೇಟಿಗೆ ಬಂದುಹೋದ ಮೇಲೆ ಅವಳು ಕನಸಿಗೆ ಬರುವುದು ನಿಂತಿತು. ಆದರೆ ಕನಸು ನಿಲ್ಲಲಿಲ್ಲ. ಮೇಡಂ ನನ್ನ ಹೆಸರು ಕೂಗುತ್ತಾರೆ. ಹಿಂದಿನ ಸಾಲಿನಲ್ಲಿ ಯಾರೂ ಇಲ್ಲ, ನೆಲ ಒಣಗಿದೆ. ಎರಡನೇ ಸಲ ಕೂಗುತ್ತಾರೆ. ನನಗೆ ಬಾಯಿ ಬರುವುದಿಲ್ಲ. ಮೊದಲಿನ ಕನಸಿಗಿಂತ ಇದಕ್ಕೇ ನಾನು ಹೆಚ್ಚು ಹೆದರುತ್ತೇನೆ. ಹಿಡಿದುಕೊಡುತ್ತಾಳೆಂದು ನಾನು ಅಂಜಿದ ಹುಡುಗಿ, ಅಷ್ಟು ದಿನ ನನ್ನ ಪರವಾಗಿ ಹಾಜರಿ ಹೇಳಲು ಬರುತ್ತಿದ್ದಳು.

ಆ ಕಂಪನಿ ಬಿಟ್ಟು ವರ್ಷಗಳಾದವು. ಬಯೋಡೇಟಾ ಈಗ ಮನೆಯ ಕಪಾಟಿನಲ್ಲಿದೆ. ಮೇಲ್ಗಡೆ ಅವಳ ನಂಬರ್ ಇದೆ. ಎಷ್ಟೋ ಸಲ ಫೋನ್ ಎತ್ತಿಕೊಂಡಿದ್ದೇನೆ. ಆ ಕಡೆಯಿಂದ ಅವಳು ಹಲೋ ಅಂದರೆ ನಾನು ಏನು ಹೇಳಬೇಕು ಎಂಬುದನ್ನೂ ಅವಳೇ ಹೇಳಿಕೊಡಬೇಕು.