ಹಾಲಿನ್ಯಾಗ ಬಿಟ್ಟ ಹಸರು ಕಲ್ಲು

ಪಾಮನಕಲ್ಲೂರಿನ ಗುಡ್ಡದ ಹೊಲದಾಗ ಕಳೆ ತಗಿಯುವಾಗ ನಮ್ಮವ್ವಗ ಒಂದು ಹಸರು ಕಲ್ಲು ಸಿಕ್ಕಿತ್ತು. ಲಿಂಬಿಹಣ್ಣಿನಷ್ಟಿತ್ತು, ಬಿಸಲಿಗಿ ಹಿಡದ್ರ ಮಿಣಮಿಣ ಅಂತಿತ್ತು. ಖರೇ ಪಚ್ಚಿ ಹರಳು ಇದ್ರ ಹಾಲು ಹಸರ ಆಕೈತಿ ಅಂತ ನಮ್ಮ ಕಡೆ ನಂಬಿಗಿ. ಅವ್ವ ಗಿಲಾಸಿನ್ಯಾಗ ಹಾಲು ಹಾಕಿ ಕಲ್ಲು ಬಿಟ್ಟಳು. ನಾ ಚಮಚದಿಂದ ತಿರುವಿದ್ದೇ ತಿರುವಿದ್ದು. ಹಸರಾತು ನೋಡ್ರಿ! ದೇವರ ಮುಂದಿಟ್ಟು ಇಬ್ಬರೂ ಆ ಹಾಲು ಕುಡದ್ವಿ. ಹಲ್ಲಾಗ ಕರಕರ ಅಂದ್ರೂ ಉಗುಳಲಿಲ್ಲ.

ಆಗ ನಂದು ಪಿಯುಸಿ ಮುಗದಿತ್ತು. ಅಪ್ಪ ಇರಲಿಲ್ಲ. ಲಿಂಗಸುಗೂರಿಗೆ ಡಿಗ್ರಿಗೆ ಹೋದ್ರ ನಡುವ ಬಿಡಬೇಕಾಕೈತಿ ಅಂತ ಅಂಜಿ ನಾ ಅರ್ಜಿನ ಹಾಕಿರಲಿಲ್ಲ. "ಅಂಜಬ್ಯಾಡಲೇ, ಕೈ ಸೋತ್ರ ಪಚ್ಚಿ ಮಾರೂಣು" ಅಂದಳು ಅವ್ವ. ಆ ಮಾತಿನ ಮ್ಯಾಲ ಬಸ್ ಹತ್ತಿದ್ನಿ. ಡಿಗ್ರಿ ಆತು, ಅದರ ಮುಂದಿಂದೂ ಆತು. ಕಲ್ಲು ಮಾರೋ ವ್ಯಾಳ್ಯಾ ಬರಲೇ ಇಲ್ಲ.

ಈಗ ಗಣಿಯ ಲ್ಯಾಬಿನ್ಯಾಗ ಕಲ್ಲು ಗುರ್ತಿಸೋದ ನನ್ನ ನೌಕರಿ. ಹ್ವಾದ ಯುಗಾದಿಗಿ ಊರಿಗೆ ಬಂದಾಗ ಪೆಟಗಿಯಿಂದ ಆ ಕಲ್ಲು ತಗದು, ಒಡದ ಗಾಜಿನ ಬಳಿ ಚೂರಿನ ಮ್ಯಾಲ ತಿಕ್ಕಿದ್ನಿ. ಪಚ್ಚಿ ಇದ್ದಿದ್ರ ಗಾಜಿನ ಮ್ಯಾಲ ಗೀರು ಬೀಳಬೇಕು. ಬಳಿಗಿ ಏನೂ ಆಗಲಿಲ್ಲ, ಕಲ್ಲಿನ ಪದರಾನ ಉಗುರಿಗಿ ಎದ್ದು ಬಂತು. ಅವತ್ತು ಹಾಲು ಹಸರು ಮಾಡಿ ಹಲ್ಲಾಗ ಕರಕರ ಅಂದಿದ್ದು ಇದರ ಪುಡಿನ. ಫುಕ್ಸೈಟ್ ಅದು, ಅಭ್ರಕದ ಜಾತಿ, ಹಸರು ಕಾಗಿಬಂಗಾರ. ಪಚ್ಚಿಗಿ ಬಣ್ಣ ಕೊಡೋ ಕ್ರೋಮಿಯಂ ಇದಕ್ಕೂ ಬಣ್ಣ ಕೊಟ್ಟೈತಿ, ಗಟ್ಟಿತನ ಕೊಟ್ಟಿಲ್ಲ. ಇಷ್ಟು ವರ್ಷ ಇದನ್ನ ನಂಬಿ ಕುಂತಾಕಿಗಿ ಹ್ಯಾಂಗ ಹೇಳಲಿ?

"ಯವ್ವಾ, ಇದು ಪಚ್ಚಿ ಅಲ್ಲಬೇ."

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಭಾರಿ ಶಾಣ್ಯಾಕಿ ಆಗೀದಿ ಬಿಡು! ನೀ ಕಾಲೇಜಿಗೆ ಸೇರಿದ ವಾರನ ಮಸ್ಕ್ಯಾಗ ಬಂಗಾರದ ಪತ್ತಾರಗ ತೋರಿಸೀನಿ. ತಿಪ್ಪಿಗಿ ಒಗಿ ಅಂದಿದ್ದ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಮರುದಿನ ಬಸ್ ಹತ್ತತಿದ್ದೇನು?"

ಆ ವರ್ಷಗಳು ಒಂದೊಂದ ನೆನಪಾದವು. ಭತ್ತದ ನಾಟಿ ಬಂದ್ರ ಸಾಕು, ಅವ್ವ ಕಾಲುವಿ ಕಡೆ ತುರ್ವಿಹಾಳಕ್ಕ ಕೂಲಿಗಿ ಹೋಗಿ ತಿಂಗಳುಗಟ್ಟಲೆ ಮೊಣಕಾಲ ಮಟ ಕೆಸರಾಗ ನಿಲ್ಲತಿದ್ದಳು. ಅಷ್ಟು ದೂರ ಯಾಕ ಹೋಗ್ತಿ ಅಂದ್ರ, ಗದ್ದಿ ನೋಡಿದ್ರ ಕಣ್ಣಿಗಿ ತಂಪು ಅಂತಿದ್ದಳು. ಹಾಲು ಹಸರಾಗಿದ್ದು ನಂಬಿದಂಗ ಅದನ್ನೂ ನಂಬಿದ್ನಿ ನಾ. ಎಂಥಾ ಹುಚ್ಚಿ ಇದ್ನಿ! ಆಕಿ ಋಣ ಯಾವ ಜನ್ಮಕ್ಕ ತೀರಬೇಕು?

ಹಿಟ್ಟು ಹತ್ತಿದ ಆಕಿ ಕೈ ಎರಡೂ ಹಿಡಕೊಂಡು ಅತ್ತುಬಿಟ್ನಿ.

"ಕೈ ಬಿಡಲೇ," ಅಂದಳು ಅವ್ವ, "ರೊಟ್ಟಿ ಹೊತ್ತಾಕತ್ತೈತಿ."