ಸಭೆಯಲ್ಲಿ ಡೋಲು ಬಾರಿಸಿದವಳು

ಕೈಗೊಂದು ಗಂಟೆ ಕೊಟ್ಟು ಮೇಲೆ ಕೂರಿಸಿದರೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಈ ಗಲ್ಫ್ ಊರಿನ ಮುರಕ್ಕಬಾತ್ ಬಡಾವಣೆಯ ರೆಸ್ಟೋರೆಂಟೊಂದರ ಮೇಲಿನ ಹಾಲ್‌ನಲ್ಲಿ ನಮ್ಮ ಕರಾವಳಿಯವರ ಸಂಘ ಮಕ್ಕಳ ಅಣಕು ಸಂಸತ್ತು ಸ್ಪರ್ಧೆ ನಡೆಸಿದಾಗ ಸಭಾಧ್ಯಕ್ಷನಾಗಿ ಕೂತವನು ನಾನು. ನಿಯಮಗಳನ್ನು ಬರೆದವನೂ ನಾನೇ.

ದೂರದ ದೇಶವೊಂದರ ಸಂಸತ್ತಿನಲ್ಲಿ ಮೂಲನಿವಾಸಿ ಸದಸ್ಯರು ತಮ್ಮ ಹಕ್ಕಿಗೆ ಕತ್ತರಿ ಹಾಕುವ ಮಸೂದೆಯ ವಿರುದ್ಧ ಎದ್ದು ನಿಂತು ಪೂರ್ವಿಕರ ಕುಣಿತ ಕುಣಿದಿದ್ದರು. ಅವರನ್ನು ಅಮಾನತು ಮಾಡಿದ್ದು ಸರಿಯೇ ಎಂಬುದು ಅಂದಿನ ವಿಷಯ. “ಸದನ ಅಂದ್ರೆ ಸದನ, ಬೇಕಾದ್ರೆ ಹೊರಗೆ ಕುಣಿಯಲಿ” ಎಂದು ನಾನು ಮನೆಯಲ್ಲೇ ತೀರ್ಪು ಕೊಟ್ಟಾಗಿತ್ತು.

ಶಿಕ್ಷೆಯ ವಿರುದ್ಧ ಮಾತಾಡಲು ಬಂದವಳು ನನ್ನ ಹಳೆಯ ರೂಮ್‌ಮೇಟ್‌ನ ಮಗಳು, ಎಂಟನೇ ಕ್ಲಾಸಿನವಳು. ಇದೇ ಊರಿನ ಸತ್ವಾದ ಬ್ಯಾಚುಲರ್ ವಿಲ್ಲಾದಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದುದರಿಂದ ಅವನು ನಮ್ಮ ಕರಾವಳಿಯ ಮೂಲನಿವಾಸಿಗಳಾದ ಕೊರಗರವನೆಂದು ನನಗೆ ಗೊತ್ತು. ಬೇರೆ ಯಾರು ಕೇಳಿದರೂ “ಉಡುಪಿ ಕಡೆ” ಎಂದು ಮಾತು ತೇಲಿಸುತ್ತಿದ್ದ. ಊರಲ್ಲಿ ಅವನಜ್ಜ ಕರೆದವರ ಸಮಾರಂಭಕ್ಕೆಲ್ಲ ಹೋಗಿ, ಅಂಗಳದಾಚೆ ನಿಂತು ಡೋಲು ಬಡಿಯಬೇಕಿತ್ತಂತೆ. ಅದು ಇಲ್ಲಿ ಯಾರಿಗೂ ತಿಳಿಯಬಾರದು ಎಂಬುದೇ ಅವನ ಚಿಂತೆ.

ಹುಡುಗಿ ಇಂಗ್ಲಿಷ್ ಬೆರೆಸಿ ಚೆನ್ನಾಗಿಯೇ ವಾದಿಸಿದಳು. ಆಮೇಲೆ “ನಮ್ಮ ಮುತ್ತಜ್ಜ ಮಾತಾಡಿದ್ದು ಹೀಗೆ” ಎಂದು, ರಜೆಗೆ ಹೋದಾಗ ಅಜ್ಜಿಯನ್ನು ಕೇಳಿ ತಂದಿದ್ದ ಸಣ್ಣ ಡೋಲನ್ನು ಮೇಜಿನಡಿಯಿಂದೆತ್ತಿ ಬಾರಿಸತೊಡಗಿದಳು. ಹಿಂದಿನ ಸಾಲಿನಲ್ಲಿ ಅವಳಪ್ಪ ತಲೆ ತಗ್ಗಿಸಿದ. ನಾನು ಗಂಟೆ ಬಡಿದೆ. ಅವಳು ನಿಲ್ಲಿಸಲಿಲ್ಲ. ವಾದ್ಯ ನುಡಿಸುವಂತಿಲ್ಲ ಎಂಬ ನನ್ನದೇ ನಿಯಮ ಓದಿ ಅವಳನ್ನು ಸ್ಪರ್ಧೆಯಿಂದ ಹೊರಹಾಕಿದೆ.

ಟೀ ಬ್ರೇಕಿನಲ್ಲಿ ಅವನ ಹತ್ತಿರ ಹೋದೆ. “ಬೇಜಾರು ಮಾಡ್ಬೇಡ ಮಾರಾಯ, ರೂಲ್ ಅಂದ್ರೆ ರೂಲ್.”

“ಬೇಜಾರೆಂಥದ್ದು?” ಅವನ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದ. “ಬಡಿ ಬಡಿ ಅಂತ್ಲೇ ನಮ್ಮನ್ನು ಕರೀತಿದ್ದದ್ದು. ಕೈ ಸೋತ್ರೂ ಬಿಡ್ತಿರ್ಲಿಲ್ಲ. ಡೋಲಿಗೆ ಹೆದರಿ ನಿಲ್ಸು ಅಂದವ ನೀನೇ ಮೊದಲು.”

ನನಗೆ ನಾಚಿಕೆಯಾಯಿತು. ಹುಡುಗಿ ಯಾರನ್ನೂ ಬೈದಿರಲಿಲ್ಲ, ಯಾರ ಸರದಿಯನ್ನೂ ಕಿತ್ತುಕೊಂಡಿರಲಿಲ್ಲ. ತನ್ನ ಸಮಯದಲ್ಲಿ ತನ್ನವರ ರೀತಿಯಲ್ಲಿ ಮಾತಾಡಿದ್ದಳು, ಅಷ್ಟೇ. ಅದಕ್ಕೂ ಶಿಕ್ಷೆ ಎಂದರೆ ಸದನದಲ್ಲಿ ಉಳಿಯುವುದು ನನ್ನಂಥವರ ಗಂಟಲು ಮಾತ್ರ. ಚಹಾ ಅಲ್ಲೇ ಬಿಟ್ಟು ಒಳಗೆ ಹೋದೆ.

“ನನ್ನ ಆದೇಶ ತಪ್ಪು. ವಾಪಸ್ ತಗೊಂಡಿದ್ದೇನೆ” ಎಂದು ಎದ್ದು ನಿಂತು ಹೇಳಿದೆ. ಸಮಿತಿಯವರೊಬ್ಬರು ಗೊಣಗಿದ್ದು ಕೇಳಿಸಿತು, ಕೇಳಿಸದವನಂತಿದ್ದೆ.

“ಥ್ಯಾಂಕ್ಯೂ ಸರ್. ನನ್ನ ಒಂದು ನಿಮಿಷ ಬಾಕಿ ಉಂಟು” ಎಂದಳು ಹುಡುಗಿ.

ಡೋಲು ಮತ್ತೆ ಶುರುವಾದಾಗ ಅವಳಪ್ಪ ಎದ್ದು ಮುಂದಿನ ಸಾಲಿಗೆ ಬಂದು ಕೂತ. ಪಕ್ಕದ ಹೆಂಗಸು ಅವನತ್ತ ಬಾಗಿ, ಇವಳು ಯಾರ ಮಗಳೆಂದು ವಿಚಾರಿಸಿದರು. ಆ ಸದ್ದಿನಲ್ಲಿ ಅವನು ಜೋರಾಗಿಯೇ ಹೇಳಬೇಕಾಯಿತು. ನನ್ನ ಕುರ್ಚಿಯವರೆಗೂ ಕೇಳಿಸಿತು:

“ನನ್ನ ಮಗಳು. ನಾವು ಕೊರಗರು.”