ಹುಳ ಮುಟ್ಟದ ಕೊಳಲು

ವಸ್ತುಸಂಗ್ರಹಾಲಯದ ಉಗ್ರಾಣ ನೋಡಿಕೊಳ್ಳುವವನನ್ನು ಎಲ್ಲರೂ ಬೀಗದಪ್ಪ ಎನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು. ಅವತ್ತು ಅವನ ಉಗ್ರಾಣಕ್ಕೆ ಹ್ಯಾಕಥಾನ್ ಎಂಬ ಕಂಪ್ಯೂಟರ್ ಮೇಳ ನುಗ್ಗಿತ್ತು. ಕಂಪ್ಯೂಟರಿನವರೂ ಅಲ್ಲಿನ ವಸ್ತುಗಳ ಮೂಲ ಒಡೆಯರಾದ ಬುಡಕಟ್ಟಿನವರೂ ಒಟ್ಟಿಗೆ ಕೂತು, ಕಪಾಟಿನಲ್ಲಿದ್ದುದನ್ನೆಲ್ಲ ಚಿತ್ರ, ಕಥೆ, ದನಿ ಸಮೇತ ಇಂಟರ್ನೆಟ್ಟಿಗೆ ಏರಿಸುತ್ತಿದ್ದರು. ಕೈಗೆ ಗವಸು ಹಾಕದ ಯಾರನ್ನೂ ಬೀಗದಪ್ಪ ಒಳಗೆ ಬಿಟ್ಟಿರಲಿಲ್ಲ. ತುಟಿಯ ಯೋಚನೆ ಮಾತ್ರ ಅವನಿಗೆ ಬಂದಿರಲಿಲ್ಲ.

ಬುಡಕಟ್ಟಿನ ಅಜ್ಜಿಯೊಬ್ಬಳು ಬಿದಿರಿನ ಕೊಳಲೊಂದನ್ನು ಗುರುತು ಹಿಡಿದಳು. “ಇದು ನಮ್ಮಪ್ಪಂದು. ಊದ್ತೀನಿ, ದನಿ ಹಿಡ್ಕೊಳ್ಳಿ.”

ಮೈಕು ಹತ್ತಿರ ಬಂತು. ಕೊಳಲು ಅವಳ ಬಾಯಿಯತ್ತ ಏರಿತು. ಬೀಗದಪ್ಪ ಮೇಜು ತಳ್ಳಿಕೊಂಡು ಬಂದವನೇ ಅದನ್ನು ಕಸಿದುಕೊಂಡ.

“ಏನ್ರೀ ಇದು? ಅವರ ವಸ್ತು ಅವರೇ ಮುಟ್ಟಬಾರ್ದಾ?” ಕಂಪ್ಯೂಟರಿನವಳೊಬ್ಬಳು ರೇಗಿದಳು.

ಬೀಗದಪ್ಪ ಕೊಳಲನ್ನು ಅವಳ ಕೈಗೆಟುಕದಂತೆ ದೂರ ಹಿಡಿದ. “ವಿಷ ಇದೆ, ಅಜ್ಜಿ. ಹುಳ ತಿನ್ನಬಾರ್ದು ಅಂತ ವರ್ಷಾ ವರ್ಷಾ ನಾನೇ ಔಷಧಿ ಬಳಿದಿದ್ದೀನಿ. ಒಳಗೂ.”

“ತೊಳೆದ್ರೆ?”

“ಹೋಗಲ್ಲ.”

ಮೈಕು ಇನ್ನೂ ಚಾಲೂ ಇತ್ತು. ಅಜ್ಜಿ ಕೊಳಲನ್ನೇ ನೋಡುತ್ತ ಕೇಳಿದಳು:

“ಮತ್ತೆ ಯಾರ ಬಾಯಿಗೆ ಅಂತ ಇಷ್ಟು ಜೋಪಾನ ಮಾಡಿದ್ಯಪ್ಪಾ?”